ಮರಣಶಯ್ಯೆಯ ದಾಸೋಹ

(ಶ್ರೀಮಠದ ಮಹೋತ್ಸವದಲ್ಲಿ ಕೂಡಿದ ಶಿವಾನುಭವಗೋಷ್ಠಿಯ ಉಪನ್ಯಾಸ)

|| ಶ್ರೀ ಗುರುಬಸವಲಿಂಗಾಯ ನಮಃ ||

 

ಮಹೋತ್ಸವದ ಮಂಟಪದಲ್ಲಿ ಮರಣದ ಮಾತೇಕೆಂದು ಕೆಲವರಿಗೆ ಶಂಕೆಯುಂಟಾಗಬಹುದು. ತೋರಣ ಕಟ್ಟಿದ ಬಾಗಿಲಲ್ಲಿ ಸಾವಿನ ಸುದ್ದಿಯನ್ನೆತ್ತಬಾರದೆಂಬುದು ಲೋಕರೂಢಿ. ಆದರೆ ಲೋಕರೂಢಿಗೂ ಶರಣಮಾರ್ಗಕ್ಕೂ ಇಲ್ಲಿಯೇ ಭೇದವಿರುವುದು. ಜನನಸೂತಕ, ಜಾತಿಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಪ್ರೇತಸೂತಕ ಎಂಬ ಐದು ಸೂತಕಗಳನ್ನು ಹನ್ನೆರಡನೆಯ ಶತಮಾನದ ಶರಣರು ಅಲ್ಲಗಳೆದರು. ಲಿಂಗವು ನೆಲಸಿರುವ ಅಂಗಕ್ಕೆ ಮೈಲಿಗೆಯೆಂಬುದೇ ಇಲ್ಲವೆಂಬುದು ಅವರ ನಿಶ್ಚಯ. ಆದುದರಿಂದಲೇ ಲಿಂಗವಂತರಲ್ಲಿ ‘ಸತ್ತನು’ ಎಂಬ ನುಡಿಗೆ ಬದಲಾಗಿ ‘ಲಿಂಗೈಕ್ಯನಾದನು’, ‘ಬಯಲಾದನು’ ಎಂಬ ನುಡಿಗಳು ಬಳಕೆಗೆ ಬಂದಿವೆ.

ಈ ತತ್ವದಿಂದ ಹುಟ್ಟುವ ಹೊಣೆಯೊಂದುಂಟು. ಹೆಣವನ್ನು ಮುಟ್ಟಿದರೂ ಮೈಲಿಗೆಯಿಲ್ಲವೆಂದು ಸಾರಿದ ಧರ್ಮದಲ್ಲಿ, ಇನ್ನೂ ಉಸಿರಾಡುತ್ತಿರುವ ರೋಗಿಯ ಹಾಸಿಗೆಯ ಬಳಿ ಕುಳಿತುಕೊಳ್ಳಲು ಅಂಜುವುದೆಂತು? ಸೂತಕವನ್ನು ಕಳೆದುಕೊಂಡವರು ಆ ಹಾಸಿಗೆಯಿಂದ ದೂರ ಸರಿಯಲು ಇದ್ದ ನೆಪವನ್ನೂ ಕಳೆದುಕೊಂಡರೆಂದೇ ತಿಳಿಯತಕ್ಕದ್ದು. ಗುಣವಾಗದ ರೋಗದಿಂದ ಅವಸಾನಕಾಲವನ್ನು ಸಮೀಪಿಸಿದವರ ಆರೈಕೆಯೇ ಈ ಉಪನ್ಯಾಸದ ವಿಷಯ.

ಅಂತ್ಯಸಮಯವು ಬಂದಿತೆಂದು ತೋರಿದಾಗ ವಿಭೂತಿವೀಳ್ಯವನ್ನು ನಡೆಸುವುದು ಹಿರಿಯರಿಂದ ಬಂದ ಆಚಾರ. ರೋಗಿಯ ಮೈಯನ್ನು ಶುಚಿಮಾಡಿ, ಹಣೆಗೆ ವಿಭೂತಿಯಿಟ್ಟು, ಪಾದೋದಕವನ್ನು ಕೊಟ್ಟು, ಆತನ ಕೈಯಿಂದಲೇ ಜಂಗಮರಿಗೆ ವಿಭೂತಿ, ರುದ್ರಾಕ್ಷಿ, ದಕ್ಷಿಣೆ, ತಾಂಬೂಲಗಳನ್ನು ಕೊಡಿಸುವರು. ಬಳಿಕ ಬಂಧುಗಳೂ ಜಂಗಮರೂ ಒಂದಾಗಿ ಪ್ರಸಾದವನ್ನು ಸ್ವೀಕರಿಸುವರು. ಇದನ್ನು ಕೇವಲ ಕರ್ಮಾಚರಣೆಯೆಂದು ಬಗೆಯದೆ, ಇದರ ಒಳಗೇನಿದೆಯೆಂದು ನೋಡಬೇಕು. ಮೊದಲನೆಯದಾಗಿ, ರೋಗಿಗೆ ತನ್ನ ಕಾಲವು ಸಮೀಪಿಸಿತೆಂಬುದು ತಿಳಿದಿದೆ. ಯಾರೂ ಆತನಿಂದ ಅದನ್ನು ಬಚ್ಚಿಟ್ಟಿಲ್ಲ. ಎರಡನೆಯದಾಗಿ, ಆತನು ಒಂಟಿಯಾಗಿಲ್ಲ; ಮನೆ ತುಂಬ ಜನರಿದ್ದಾರೆ. ಮೂರನೆಯದಾಗಿ, ಆತನು ಕಡೆಯ ಗಳಿಗೆಯಲ್ಲಿಯೂ ಕೊಡುವವನಾಗಿದ್ದಾನೆ. ಬರಿದೆ ಪಡೆಯುವವನಾಗಿ ಬಿದ್ದುಕೊಂಡಿಲ್ಲ. ಅರಿವು, ಸಂಗ, ಗೌರವ ಎಂಬ ಈ ಮೂರನ್ನು ಹಿರಿಯರು ಒಂದು ವೀಳ್ಯದಲ್ಲಿ ಮಡಿಸಿಟ್ಟರು.

ಇನ್ನು ಇಂದಿನ ಸ್ಥಿತಿಯನ್ನು ನೋಡೋಣ. ಒಬ್ಬ ಗೃಹಸ್ಥನಿದ್ದಾನೆಂದು ಭಾವಿಸಿರಿ. ಬಹುಕಾಲ ತಂಬಾಕನ್ನು ದವಡೆಯಲ್ಲಿರಿಸಿಕೊಂಡ ಚಟದಿಂದ ಆತನ ಬಾಯಲ್ಲಿ ಹುಣ್ಣಾಯಿತು. ಅದು ಕ್ಯಾನ್ಸರ್ ಎಂದು ವೈದ್ಯರು ನಿರ್ಣಯಿಸಿದರು. ಹೊಲವನ್ನು ಅಡವಿಟ್ಟು ಶಸ್ತ್ರಚಿಕಿತ್ಸೆ ಮಾಡಿಸಿದರು. ಉಳಿದ ಹೊಲವನ್ನು ಮಾರಿ ಮತ್ತಷ್ಟು ಔಷಧಗಳನ್ನು ಕೊಡಿಸಿದರು. ರೋಗವು ಮತ್ತೆ ತಲೆಯೆತ್ತಿತು. ‘ಇನ್ನೇನೂ ಮಾಡುವಂತಿಲ್ಲ, ಮನೆಗೆ ಕರೆದುಕೊಂಡು ಹೋಗಿರಿ’ ಎಂಬ ಮಾತು ಬಂದಿತು. ಮನೆಯಲ್ಲಿ ಹಿಂದಣ ಕೋಣೆಯೇ ಆತನ ಪಾಲಿಗಾಯಿತು. ಹುಣ್ಣಿನ ದುರ್ಗಂಧದಿಂದ ನೆಂಟರು ಬಾಗಿಲಲ್ಲಿಯೇ ನಿಂತು ಮಾತನಾಡಿಸಿ ಹೋಗುವರು. ಮೊಮ್ಮಕ್ಕಳನ್ನು ಒಳಗೆ ಬಿಡರು. ರಾತ್ರಿಯೆಲ್ಲ ಆತನು ನರಳುವನು. ‘ನನಗೇನಾಗಿದೆ?’ ಎಂದು ಹೆಂಡತಿಯನ್ನು ಕೇಳಿದರೆ, ‘ಏನೂ ಇಲ್ಲ, ಮಾಯುತ್ತದೆ’ ಎಂದು ಆಕೆ ಮುಖ ತಿರುಗಿಸುವಳು. ಆಕೆಗೆ ತಿಳಿದಿದೆ, ಆತನಿಗೂ ತಿಳಿದಿದೆ. ಒಬ್ಬರನ್ನೊಬ್ಬರು ನೋಯಿಸಬಾರದೆಂದು ಇಬ್ಬರೂ ಸುಳ್ಳಾಡುತ್ತ, ಒಂದೇ ಸೂರಿನ ಕೆಳಗೆ ಇಬ್ಬರೂ ಒಂಟಿಯಾಗಿರುವರು.

ಹಣವುಳ್ಳ ಮನೆಗಳಲ್ಲಿ ಕಥೆಯ ರೂಪ ಬೇರೆ, ಫಲ ಒಂದೇ. ಅಲ್ಲಿ ರೋಗಿಯು ತೀವ್ರನಿಗಾ ಘಟಕದ ಗಾಜಿನ ಬಾಗಿಲಿನ ಆಚೆಯಿರುವನು. ಮೂಗಿಗೆ ನಳಿಗೆ, ಗಂಟಲಿಗೆ ನಳಿಗೆ, ಕೈಗಳಿಗೆ ಕಟ್ಟು. ಮಗನು ಗೊತ್ತಾದ ಗಳಿಗೆಯಲ್ಲಿ ಒಳಗೆ ಹೋಗಿ ನೋಡಿ ಬರುವನು. ಕೊರಳ ಇಷ್ಟಲಿಂಗವನ್ನು ತೆಗೆದು ಚೀಲದಲ್ಲಿ ಹಾಕಿ ಮನೆಯವರಿಗೆ ಒಪ್ಪಿಸಿರುವರು. ವಿಭೂತಿವೀಳ್ಯವು ಕಟ್ಟಿಕೊಟ್ಟ ಅರಿವು, ಸಂಗ, ಗೌರವಗಳಲ್ಲಿ ಒಂದೂ ಇಲ್ಲಿ ಉಳಿಯಲಿಲ್ಲ.

ಆದರೆ ‘ಇನ್ನೇನೂ ಮಾಡುವಂತಿಲ್ಲ’ ಎಂಬ ಆ ಮಾತು ನಿಜವಲ್ಲ. ರೋಗವನ್ನು ಗುಣಪಡಿಸಲಾಗದು ಎಂಬುದು ಒಂದು ಮಾತು. ರೋಗಿಗೆ ಮಾಡುವುದೇನೂ ಉಳಿದಿಲ್ಲ ಎಂಬುದು ಬೇರೊಂದು ಮಾತು. ಮೊದಲನೆಯದು ವೈದ್ಯಶಾಸ್ತ್ರದ ಮಿತಿ. ಎರಡನೆಯದು ಮನುಷ್ಯರ ಅಲಕ್ಷ್ಯ. ಈ ಭೇದವನ್ನು ಅರಿತು, ಗುಣವಾಗದವರಿಗಾಗಿಯೇ ಒಂದು ಶಾಸ್ತ್ರವನ್ನು ಕಟ್ಟಿದವರ ಚರಿತ್ರೆಯನ್ನು ಭಕ್ತರು ಅರಿಯುವುದು ಒಳ್ಳೆಯದು.

ಇಂಗ್ಲೆಂಡ್ ದೇಶದ ಸಿಸಿಲಿ ಸಾಂಡರ್ಸ್ ಎಂಬಾಕೆಯು 1918ರಲ್ಲಿ ಜನಿಸಿದಳು. ಆಕೆಯು ಮೊದಲು ದಾದಿಯಾಗಿ, ಆಮೇಲೆ ಆಸ್ಪತ್ರೆಯಲ್ಲಿ ರೋಗಿಗಳ ಸಂಸಾರದ ಕಷ್ಟಗಳನ್ನು ವಿಚಾರಿಸುವ ಕೆಲಸದವಳಾಗಿ ಸೇವೆ ಮಾಡಿದಳು. 1948ರಲ್ಲಿ ಡೇವಿಡ್ ತಾಸ್ಮಾ ಎಂಬ ಪೋಲೆಂಡಿನ ಯೆಹೂದಿ ನಿರಾಶ್ರಿತನು ಲಂಡನ್ ನಗರದ ಆಸ್ಪತ್ರೆಯಲ್ಲಿ ಬಂಧುಗಳಿಲ್ಲದೆ ಸಾಯುತ್ತಿದ್ದನು. ಇಂಥವರಿಗಾಗಿ ಒಂದು ಮನೆಯಿರಬೇಕೆಂದು ಅವರಿಬ್ಬರೂ ಮಾತಾಡಿಕೊಂಡರು. ಆತನು ಕಡೆಗೆ 500 ಪೌಂಡುಗಳನ್ನು ಆಕೆಗೆ ಬಿಟ್ಟು, ಆ ಮನೆಯಲ್ಲಿ ತಾನೊಂದು ಕಿಟಕಿಯಾಗುವೆನೆಂದು ಹೇಳಿ ಕಣ್ಮುಚ್ಚಿದನು. ಸಾಯುವವನು ಕೊಡುವವನಾದನೆಂಬುದನ್ನು ಇಲ್ಲಿ ಗಮನಿಸಬೇಕು. ವೈದ್ಯರೇ ಸಾಯುವವರನ್ನು ಕೈಬಿಡುತ್ತಿರುವರಾದುದರಿಂದ ತಾನೇ ವೈದ್ಯೆಯಾಗಬೇಕೆಂದು ಆಕೆ ಓದಿ 1957ರಲ್ಲಿ ಆ ಪದವಿಯನ್ನು ಪಡೆದಳು. ಕಿಟಕಿಯ ಹಣವು ಬಂದು 19 ವರ್ಷಗಳಾದ ಬಳಿಕ, 1967ರಲ್ಲಿ, ಲಂಡನ್ನಿನ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಬಾಗಿಲು ತೆರೆಯಿತು.

‘ಹಾಸ್ಪೈಸ್’ ಎಂಬುದರ ಮೂಲಾರ್ಥವು ಯಾತ್ರಿಕರ ತಂಗುಮನೆ. ಕನ್ನಡನಾಡಿನ ಛತ್ರ, ಅರವಟಿಗೆಗಳಿಗೆ ಅದು ದೂರದ ನಂಟು. ಈ ಆರೈಕೆಗೆ ಇನ್ನೊಂದು ಹೆಸರಾದ ‘ಪ್ಯಾಲಿಯೇಟಿವ್’ ಎಂಬ ಪದವು ಲ್ಯಾಟಿನ್ ಭಾಷೆಯಲ್ಲಿ ಹೊದೆಯುವ ಮೇಲುವಸ್ತ್ರಕ್ಕಿರುವ ಹೆಸರಿನಿಂದ ಬಂದುದು; ಕೆನಡಾ ದೇಶದ ಮಾಂಟ್ರಿಯಲ್ ನಗರದ ವೈದ್ಯ ಬಾಲ್ಫರ್ ಮೌಂಟ್ ಎಂಬವರು 1970ರ ದಶಕದಲ್ಲಿ ಅದನ್ನು ಈ ಅರ್ಥದಲ್ಲಿ ರೂಢಿಗೆ ತಂದರು. ಕನ್ನಡದಲ್ಲಿ ಇದನ್ನು ಉಪಶಮನ ಆರೈಕೆಯೆನ್ನುವರು. ಚಳಿಯನ್ನು ನಿಲ್ಲಿಸಲಾಗದಿದ್ದರೂ ಚಳಿಯಲ್ಲಿರುವವನಿಗೆ ಕಂಬಳಿ ಹೊದಿಸಬಹುದಷ್ಟೆ.

ಭಾರತದಲ್ಲಿ 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ ಆಶ್ರಮವು ಇಂತಹ ಮೊದಲ ಮನೆಯಾಯಿತು. 1993ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ವೈದ್ಯರಾದ ಎಂ. ಆರ್. ರಾಜಗೋಪಾಲ್, ಸುರೇಶ್ ಕುಮಾರ್ ಮೊದಲಾದವರು ನೋವು ಮತ್ತು ಉಪಶಮನ ಆರೈಕೆಯ ಸಂಘವನ್ನು ಕಟ್ಟಿದರು. ಅಲ್ಲಿಂದ ಬೆಳೆದ ಪದ್ಧತಿಯಲ್ಲಿ ಊರಿನ ಸಾಮಾನ್ಯ ಜನರೇ ತರಬೇತಿ ಹೊಂದಿ, ದಾದಿಯರೊಡನೆ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವರು. 2008ರಲ್ಲಿ ಕೇರಳ ಸರಕಾರವು ಇದಕ್ಕಾಗಿಯೇ ಒಂದು ನೀತಿಯನ್ನು ಘೋಷಿಸಿತು. ಕರ್ನಾಟಕದಲ್ಲಿ 1994ರಲ್ಲಿ ಸ್ಥಾಪಿತವಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಮೊದಲು ಮನೆಗಳಿಗೆ ಹೋಗಿ ಆರೈಕೆ ನಡೆಸಿ, 1999ರಲ್ಲಿ ‘ಕರುಣಾಶ್ರಯ’ವನ್ನು ತೆರೆಯಿತು. ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಹಣವಿಲ್ಲದೆ ಆರೈಕೆ ದೊರೆಯುತ್ತದೆ. ಇಷ್ಟಾದರೂ ಕಾರ್ಯವು ಸಾಲದು. ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 5 ಕೋಟಿ 68 ಲಕ್ಷ ಜನರಿಗೆ ಇಂತಹ ಆರೈಕೆ ಬೇಕಾಗಿದ್ದು, ನೂರಕ್ಕೆ 14 ಮಂದಿಗೆ ಮಾತ್ರ ದೊರೆಯುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಈ ಆರೈಕೆಯ ಸ್ವರೂಪವೇನು? ಸಾಂಡರ್ಸ್ ಅವರು ನೋವನ್ನು ನಾಲ್ಕು ಮುಖವುಳ್ಳದ್ದೆಂದು ಕಂಡರು: ದೇಹದ ನೋವು, ಮನಸ್ಸಿನ ನೋವು, ಸಂಸಾರದ ನೋವು, ಆತ್ಮದ ನೋವು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಮಾಡಿದರೆ ಫಲವಿಲ್ಲ. ಸಾಲದ ಚಿಂತೆಯಿಂದ ನಿದ್ರೆಯಿಲ್ಲದವನಿಗೆ ಎಷ್ಟು ಗುಳಿಗೆ ಕೊಟ್ಟರೂ ನೋವು ಇಳಿಯದು. ಹಾಗೆಯೇ ಎಲುಬು ಕೊರೆಯುತ್ತಿರುವವನಿಗೆ ಎಷ್ಟು ಉಪದೇಶ ಮಾಡಿದರೂ ಕಿವಿಗೇರದು.

ಆದುದರಿಂದ ಮೊದಲು ದೇಹದ ನೋವು ಇಳಿಯಬೇಕು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಕ್ರಮವನ್ನು ಹೇಳಿತು. ಸಣ್ಣ ನೋವಿಗೆ ಸಾಮಾನ್ಯ ಗುಳಿಗೆ, ನಡುವಣದಕ್ಕೆ ಅದಕ್ಕಿಂತ ಬಲವುಳ್ಳದ್ದು, ಕಡುನೋವಿಗೆ ಮಾರ್ಫೀನ್. ಸಾಧ್ಯವಿದ್ದಷ್ಟು ಕಾಲ ಸೂಜಿಯಿಲ್ಲದೆ ಬಾಯಿಯ ಮೂಲಕ, ನೋವು ಬಂದ ಮೇಲಲ್ಲದೆ ಗಡಿಯಾರ ನೋಡಿ, ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಕೊಡುವುದು ಇದರ ಗುಟ್ಟು. ನೋವು ಮೇಲೇಳುವ ಮುನ್ನವೇ ಮದ್ದು ಬಿದ್ದರೆ, ಮುಂದಿನ ನೋವಿನ ಭಯವೂ ಹೋಗುತ್ತದೆ. ಮಾರ್ಫೀನಿನಿಂದ ಮಲಬದ್ಧತೆಯಾಗುವುದರಿಂದ ಅದರೊಡನೆಯೇ ಭೇದಿಯ ಔಷಧವನ್ನೂ ಕೊಡುವರು.

ಮಾರ್ಫೀನ್ ಎಂದೊಡನೆ ಅಫೀಮಿನ ಚಟವಾದೀತೆಂದು ಮನೆಯವರು ಅಂಜುವರು. ವೈದ್ಯರ ನಿಗಾದಲ್ಲಿ, ನೋವಿಗೆ ತಕ್ಕ ಅಳತೆಯಲ್ಲಿ ಕೊಟ್ಟ ಮಾರ್ಫೀನ್ ಇಂತಹ ರೋಗಿಯನ್ನು ಚಟಗಾರನನ್ನಾಗಿ ಮಾಡುವುದು ಬಹು ವಿರಳ. ಅದು ಸಾವನ್ನು ಹತ್ತಿರ ತರುವುದೂ ಇಲ್ಲ. ವಿಪರ್ಯಾಸವೇನೆಂದರೆ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಅಪ್ಪಣೆಯಿಂದ ಅಫೀಮು ಬೆಳೆಯುವ ಈ ದೇಶದಲ್ಲಿಯೇ, 1985ರ ಮಾದಕವಸ್ತುಗಳ ಕಾಯಿದೆಯ ಬಿಗಿಯಿಂದಾಗಿ ರೋಗಿಗಳಿಗೆ ಮಾರ್ಫೀನ್ ದುರ್ಲಭವಾಯಿತು. 2014ರ ತಿದ್ದುಪಡಿಯು ಆ ಬಿಗಿಯನ್ನು ಸಡಿಲಿಸಿದೆ. ಆದರೂ ಸಮೀಪದ ಯಾವ ಆಸ್ಪತ್ರೆಗೆ ಅದನ್ನು ಕೊಡುವ ಮಾನ್ಯತೆಯಿದೆಯೆಂದು ವಿಚಾರಿಸಿ ತಿಳಿದುಕೊಳ್ಳುವುದು ಪ್ರತಿಯೊಂದು ಊರಿನ ಹಿರಿಯರ ಕೆಲಸವಾಗಿದೆ.

ದೊಡ್ಡ ಔಷಧಗಳಷ್ಟೇ ಮುಖ್ಯವಾದ ಸಣ್ಣ ಕೆಲಸಗಳುಂಟು. ಏಳಲಾರದವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಿದರೆ ಬೆನ್ನಿನ ಹುಣ್ಣನ್ನು ಬಹುಮಟ್ಟಿಗೆ ತಪ್ಪಿಸಬಹುದು. ಒಣಗಿದ ಬಾಯನ್ನು ಒದ್ದೆಯ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ನಾಲಿಗೆಗೆ ಮಾತು ಮರಳುತ್ತದೆ. ಉಬ್ಬಸಪಡುವವನನ್ನು ದಿಂಬುಗಳಿಗೆ ಒರಗಿಸಿ ಕೂರಿಸಿ, ಕಿಟಕಿ ತೆರೆದು, ಮುಖಕ್ಕೆ ಮೆಲ್ಲನೆ ಗಾಳಿ ಬೀಸಿದರೆ ಎದೆ ಹಗುರಾಗುತ್ತದೆ. ಕೊಳೆತ ಹುಣ್ಣಿನ ಮೇಲೆ ವೈದ್ಯರ ಸಲಹೆಯಂತೆ ಮೆಟ್ರೋನಿಡಜೋಲ್ ಗುಳಿಗೆಯನ್ನು ಪುಡಿಮಾಡಿ ಉದುರಿಸಿದರೆ ದುರ್ಗಂಧವು ತಗ್ಗುತ್ತದೆ. ಅಲ್ಪಬೆಲೆಯ ಆ ಗುಳಿಗೆಯು ಹಿಂದಣ ಕೋಣೆಯ ಬಾಗಿಲನ್ನು ತೆರೆದು ಮೊಮ್ಮಕ್ಕಳನ್ನು ಅಜ್ಜನ ಬಳಿಗೆ ಕಳುಹಿಸಬಲ್ಲುದು.

ಅನ್ನದ ವಿಷಯದಲ್ಲಿ ಒಂದು ಮಾತು. ಅನ್ನವಿಕ್ಕುವುದನ್ನೇ ಪರಮಧರ್ಮವೆಂದು ನಂಬಿದ ಮನೆಗಳಲ್ಲಿ, ರೋಗಿಯು ಉಣ್ಣಲೊಲ್ಲದಿದ್ದರೆ ಹೆಂಗಳೆಯರಿಗೆ ಕರುಳು ಕಿತ್ತಂತಾಗುತ್ತದೆ. ಬಲವಂತವಾಗಿ ಬಾಯಿಗೆ ತುರುಕುವರು. ಕಡೆಯ ದಿನಗಳಲ್ಲಿ ದೇಹವು ತಾನೇ ಅನ್ನವನ್ನು ಬಿಡುತ್ತದೆ. ಆಗ ತುರುಕಿದ ತುತ್ತು ಉಸಿರಿನ ದಾರಿಗೆ ಬಿದ್ದು ಹಿಂಸೆಯಾಗುವುದು. ಉಣ್ಣದ್ದರಿಂದ ಆತನು ಸಾಯುತ್ತಿಲ್ಲ, ಸಾಯುತ್ತಿರುವುದರಿಂದ ಉಣ್ಣಲಾರನು. ಆಗ ತುಟಿಗೆ ತಾಕಿಸಿದ ಹನಿ ಪಾದೋದಕವೇ ಮಹಾಪ್ರಸಾದವೆಂದು ತಿಳಿದು ಮನಸ್ಸನ್ನು ಸಮಾಧಾನಗೊಳಿಸಬೇಕು.

ಇಷ್ಟಲಿಂಗದ ವಿಷಯದಲ್ಲಿಯೂ ಕಳವಳಕ್ಕೆ ಕಾರಣವಿಲ್ಲ. ಉರ, ಕಂಠ, ಕಕ್ಷ ಮೊದಲಾದ ಹಲವು ಸ್ಥಾನಗಳನ್ನು ಲಿಂಗಧಾರಣಕ್ಕೆ ಹಿರಿಯರು ಹೇಳಿರುವರು. ಕೊರಳಲ್ಲಿ ಗಡ್ಡೆಯೆದ್ದು ಶಿವದಾರವು ಒತ್ತುವುದಾದರೆ ಬೇರೆಡೆ ಧರಿಸಿಸಬಹುದು. ಯಂತ್ರಪರೀಕ್ಷೆಗಾಗಿ ಬೆಳ್ಳಿಯ ಕರಡಿಗೆಯನ್ನು ತೆಗೆಯಬೇಕಾದರೆ, ಪರೀಕ್ಷೆ ಮುಗಿದೊಡನೆ ಮರಳಿ ಧರಿಸಿಸಬೇಕೆಂದು ದಾದಿಗೆ ಮೊದಲೇ ತಿಳಿಸಬಹುದು. ಸ್ನಾನವಾಗಲಿಲ್ಲ, ಏಳಲಾರೆ ಎಂಬ ಕಾರಣಕ್ಕಾಗಿ ಪೂಜೆಯನ್ನು ನಿಲ್ಲಿಸಬೇಕಿಲ್ಲ. ಮಲಗಿದಲ್ಲಿಯೇ ಲಿಂಗವನ್ನು ಅಂಗೈಯಲ್ಲಿರಿಸಿ, ಮಗನೋ ಮಗಳೋ ಆ ಕೈಗೆ ತಮ್ಮ ಕೈ ಆನಿಸಿದರೆ ಪೂಜೆ ಪೂರ್ಣವಾಯಿತು.

ಇಲ್ಲಿ ಎರಡು ಆಕ್ಷೇಪಣೆಗಳು ಏಳುತ್ತವೆ. ಒಂದನೆಯದು: ನೋವು ಕರ್ಮಫಲವಾದುದರಿಂದ ಅದನ್ನು ಅನುಭವಿಸಿಯೇ ತೀರಬೇಕಲ್ಲವೆ? ಗುರುದೀಕ್ಷೆಯಿಂದ ಪೂರ್ವಕರ್ಮವು ನೀಗಿ ಅಂಗವು ಲಿಂಗಾಂಗವಾಯಿತೆಂದು ನಂಬಿದವರು ಈ ಮಾತನ್ನಾಡಲಾಗದು. ಹಸಿದವನ ಹಸಿವನ್ನು ಕರ್ಮವೆಂದು ಬಿಡದೆ ದಾಸೋಹವನ್ನು ನಡೆಸಿದ ಮಠಗಳು, ನೊಂದವನ ನೋವನ್ನು ಕರ್ಮವೆಂದು ಬಿಡುವುದು ಹೇಗೆ? ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣನು ಚಿಕಿತ್ಸೆಯನ್ನೇ ಕಾಯಕವಾಗಿ ಕೈಕೊಂಡು, ರೋಗ ಔಷಧಗಳ ಪರಿಭಾಷೆಯಲ್ಲಿಯೇ ವಚನಗಳನ್ನು ನುಡಿದನೆಂಬುದನ್ನು ನೆನೆಯಬೇಕು.

ಎರಡನೆಯದು: ಉಪಶಮನವೆಂದರೆ ಚಿಕಿತ್ಸೆಯನ್ನು ಬಿಟ್ಟು ಸಾವಿಗೆ ಒಪ್ಪಿಸುವುದಲ್ಲವೆ? ಹಾಗಲ್ಲ. ಇದನ್ನು ರೋಗದ ಚಿಕಿತ್ಸೆಯೊಡನೆಯೇ ಆರಂಭಿಸಬಹುದು. ಅಮೆರಿಕದ ಬಾಸ್ಟನ್ ನಗರದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಲಿತ 151 ರೋಗಿಗಳನ್ನು ಪರಿಶೀಲಿಸಿದ ವರದಿಯು 2010ರಲ್ಲಿ ಪ್ರಕಟವಾಯಿತು. ಮೊದಲಿನಿಂದಲೇ ಉಪಶಮನ ಆರೈಕೆಯನ್ನೂ ಪಡೆದವರು ನೆಮ್ಮದಿಯಿಂದಿದ್ದುದಲ್ಲದೆ, ಕಡೆಗಾಲದಲ್ಲಿ ಉಗ್ರಚಿಕಿತ್ಸೆಯನ್ನು ಕಡಿಮೆ ಪಡೆದರೂ ಹೆಚ್ಚು ಕಾಲ ಬದುಕಿದರು: ಅವರ ಆಯುಸ್ಸಿನ ಮಧ್ಯಮಾನವು 11.6 ತಿಂಗಳು, ಉಳಿದವರದು 8.9 ತಿಂಗಳು.

ರೋಗಿಗೆ ನಿಜವನ್ನು ಹೇಳುವುದು ಎಲ್ಲಕ್ಕಿಂತ ಕಠಿನವಾದ ಕೆಲಸ. ನಿಜವೆಂದು ಕಲ್ಲಿನಂತೆ ಎಸೆಯಬಾರದು. ಆತನು ಏನನ್ನು ಬಲ್ಲನು, ಎಷ್ಟನ್ನು ಅರಿಯಬಯಸುವನು ಎಂದು ಮೊದಲು ಕೇಳಬೇಕು. ಕೇಳಿದಷ್ಟಕ್ಕೆ ಸುಳ್ಳಿಲ್ಲದ ಉತ್ತರ ಕೊಡಬೇಕು. ಉತ್ತರ ಕೊಟ್ಟ ಮೇಲೆ ಎದ್ದು ಹೋಗದೆ ಬಳಿಯಲ್ಲಿಯೇ ಕುಳಿತಿರಬೇಕು. ನಿಜ ತಿಳಿದವನಿಗೆ ಮಾಡಬೇಕಾದ ಕೆಲಸಗಳಿರುತ್ತವೆ: ಸಾಲದ ಲೆಕ್ಕ, ಮಗಳ ಮದುವೆಯ ಮಾತು, ಮುರಿದುಹೋದ ತಮ್ಮನೊಡನೆ ಒಂದು ನುಡಿ, ಹೆಂಡತಿಯ ಮುಂದೆ ಒಮ್ಮೆಯಾದರೂ ಅಳುವುದು. ಅರಿವನ್ನು ಬಚ್ಚಿಟ್ಟವರು ಈ ಎಲ್ಲವನ್ನೂ ಆತನಿಂದ ಕಸಿದುಕೊಂಡಂತಾಗುವುದು.

ತನ್ನ ಕಡೆಗಾಲ ಹೇಗಿರಬೇಕೆಂದು ಮೊದಲೇ ತಿಳಿಸಿಡುವುದನ್ನು ನ್ಯಾಯಾಸ್ಥಾನವೂ ಮನ್ನಿಸಿದೆ. 2018ನೆಯ ಮಾರ್ಚ್ 9ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಗೌರವದಿಂದ ಸಾಯುವುದೂ ಬದುಕುವ ಹಕ್ಕಿನ ಅಂಗವೆಂದು ತೀರ್ಪಿತ್ತು, ಬದುಕಿರುವಾಗಲೇ ಬರೆದಿಡುವ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿತು. 2023ರಲ್ಲಿ ಅದರ ಕ್ರಮವನ್ನು ಸುಲಭಗೊಳಿಸಿತು. 2025ನೆಯ ಜನವರಿಯಲ್ಲಿ ಕರ್ನಾಟಕ ಸರಕಾರವು ಅದನ್ನು ಜಾರಿಗೆ ತರುವ ಸುತ್ತೋಲೆಯನ್ನು ಹೊರಡಿಸಿತು. ಗುಣವಾಗುವ ಆಸೆಯಿಲ್ಲದಾಗ ಯಂತ್ರಗಳಿಂದ ಉಸಿರನ್ನು ಎಳೆಯುವುದನ್ನು ವೈದ್ಯಮಂಡಲಿಗಳ ಒಪ್ಪಿಗೆಯಿಂದ ನಿಲ್ಲಿಸಲು ಇದರಲ್ಲಿ ಅವಕಾಶವಿದೆ; ಮದ್ದು ಕೊಟ್ಟು ಪ್ರಾಣ ತೆಗೆಯಲು ಎಷ್ಟು ಮಾತ್ರವೂ ಇಲ್ಲ.

ಕನ್ನಡನಾಡಿನ ಮಹಾತ್ಮರು ಈ ದಾರಿಯನ್ನು ನಡೆದು ತೋರಿದ್ದಾರೆ. ಸಿದ್ಧಗಂಗೆಯ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳವರು ಆಸ್ಪತ್ರೆಗಳಲ್ಲಿ ಚಿಕಿತ್ಸೆ ಹೊಂದಿದ ಬಳಿಕ, ಕಡೆಯ ದಿನಗಳಲ್ಲಿ ಮಠಕ್ಕೇ ಮರಳಿ, 2019ನೆಯ ಜನವರಿ 21ರಂದು ತಾವು ಬಾಳಿದ ನೆಲೆಯಲ್ಲಿಯೇ ಲಿಂಗೈಕ್ಯರಾದರು. ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಶ್ರೀ ಸಿದ್ಧೇಶ್ವರ ಸ್ವಾಮಿಗಳವರು 2014ರಲ್ಲಿಯೇ ತಮ್ಮ ಅಂತಿಮ ಇಚ್ಛೆಯನ್ನು ಬರೆದಿಟ್ಟು, 2023ನೆಯ ಜನವರಿ 2ರಂದು ಆಶ್ರಮದಲ್ಲಿಯೇ ದೇಹವನ್ನು ಬಿಟ್ಟರು. ಸ್ಮಾರಕ ಬೇಡವೆಂಬ ಅವರ ಮಾತನ್ನು ಶಿಷ್ಯರು ನಡೆಸಿಕೊಟ್ಟರು. ಶರಣರ ಮಹಿಮೆಯನ್ನು ಮರಣದಲ್ಲಿ ನೋಡೆಂಬ ಗಾದೆಯು ಇಂಥವರಿಂದ ಸಾರ್ಥಕವಾಯಿತು. ಆ ಭಾಗ್ಯವು ಗುರುಗಳಿಗೆ ಮಾತ್ರವೇ ಮೀಸಲಾಗದೆ, ಊರ ಕೊನೆಯ ಗುಡಿಸಲಿನ ಭಕ್ತನಿಗೂ ಭಕ್ತೆಗೂ ದೊರೆಯಬೇಕು.

ಹಾಗಾದರೆ ಮಠಗಳೂ ಭಕ್ತರೂ ಏನು ಮಾಡಬಹುದು? ದೊಡ್ಡ ಆಸ್ಪತ್ರೆಯನ್ನು ಕಟ್ಟಬೇಕೆಂದಿಲ್ಲ. ಊರೂರಿನ ಹತ್ತು ಮಂದಿ ಯುವಕ ಯುವತಿಯರು ತರಬೇತಿ ಹೊಂದಿ ವಾರಕ್ಕೆ ಕೆಲವು ಗಂಟೆಗಳನ್ನು ಕೊಟ್ಟರೆ, ಆ ಊರಿನಲ್ಲಿ ಯಾವ ರೋಗಿಯೂ ಒಂಟಿಯಾಗನು. ಹಗಲಿರುಳು ಸೇವೆ ಮಾಡಿ ಬಳಲಿದ ಸೊಸೆಗೋ ಮಡದಿಗೋ ಒಂದು ರಾತ್ರಿಯ ನಿದ್ರೆಯನ್ನು ಕೊಡಿಸುವುದು ನೂರು ಜನರ ಅನ್ನಸಂತರ್ಪಣೆಗೆ ಕಡಿಮೆಯಾದ ಪುಣ್ಯವಲ್ಲ. ಚರಜಂಗಮರು ಭಿಕ್ಷಕ್ಕೆ ಹೋಗುವ ದಾರಿಯಲ್ಲಿಯೇ ರೋಗಿಯ ಮನೆಯಿರುವುದು. ಅಲ್ಲಿ ಅರೆಗಳಿಗೆ ಕುಳಿತು, ಉಪದೇಶಿಸುವುದಕ್ಕಿಂತ ಹೆಚ್ಚಾಗಿ ಆತನ ಮಾತನ್ನು ಕೇಳಿದರೆ ಸಾಕು. ಮನೆಯೊಡೆಯನನ್ನು ಕಳೆದುಕೊಂಡ ಮಕ್ಕಳಿಗೆ ಮಠದ ಪ್ರಸಾದನಿಲಯವು ಬಾಗಿಲು ತೆರೆಯುವುದೆಂಬ ಒಂದು ಭರವಸೆಯು, ಸಾಯುತ್ತಿರುವ ತಂದೆಗೆ ಮಾರ್ಫೀನಿಗಿಂತಲೂ ಮೇಲಾದ ಉಪಶಮನವಾದೀತು. ಅನುಕೂಲವುಳ್ಳ ಮಠಗಳು ಎರಡು ಕೋಣೆಗಳನ್ನು ದಿಕ್ಕಿಲ್ಲದವರ ಕಡೆಗಾಲಕ್ಕಾಗಿ ಮೀಸಲಿಡಬಹುದು.

ಭಕ್ತಮಹಾಶಯರೇ, ಈ ಮಹೋತ್ಸವದಲ್ಲಿ ಸಾವಿರಾರು ಎಲೆಗಳು ಹಾಸಲ್ಪಟ್ಟಿವೆ. ಈ ಹೊತ್ತಿಗೆ ಯಾವುದೋ ಮನೆಯ ಹಿಂದಣ ಕೋಣೆಯಲ್ಲಿ, ಪಂಕ್ತಿಗೆ ಬರಲಾರದ ಒಬ್ಬನು ಗೋಡೆಗೆ ಮುಖಮಾಡಿ ಮಲಗಿರುವನು. ಆತನಿಗೆ ಅನ್ನ ಬೇಕಿಲ್ಲ. ನೋವಿಲ್ಲದ ಒಂದು ರಾತ್ರಿ, ಸುಳ್ಳಿಲ್ಲದ ಒಂದು ಮಾತು, ಅಂಜದೆ ಮುಟ್ಟುವ ಒಂದು ಕೈ ಬೇಕಾಗಿದೆ. ಆತನಿಗೂ ದಾಸೋಹದ ಪಂಕ್ತಿಯಲ್ಲಿ ಒಂದು ಎಲೆಯನ್ನು ಹಾಕಿದರೆ ಮಹೋತ್ಸವವು ಪೂರ್ಣವಾಗುವುದು.

ಸರ್ವರಿಗೂ ಮಂಗಲವಾಗಲಿ.